ಅಕ್ಕನ ಎಡಗಿವಿಗೆ

ಅಕ್ಕಾ,

ಸಲೂನು ತೆರೆಯೋಕೆ ಹೊರಟೆ. ನಿನ್ನೆ ನಾನು ಔಷಧಿ ಬಿಟ್ಟಿದ್ದು ನಿನ್ನ ಒಳ್ಳೇ ಕಿವಿಗೆ ಅಂತ ಈಗ ಹೊಳೀತು. ದಿನವಿಡೀ ಗಿರಾಕಿಗಳನ್ನ ಕನ್ನಡಿಯಲ್ಲೇ ನೋಡೋ ನನಗೆ ಎಡ ಬಲ ಅದಲುಬದಲು. ನೀನೂ, ತಮ್ಮ ಏನೋ ದೊಡ್ಡ ಡಾಕ್ಟರು ಅನ್ನೋ ಹಾಗೆ ತೆಪ್ಪಗೆ ಮಲಗಿದ್ದೆಯಲ್ಲ!

ಮಧ್ಯಾಹ್ನ ನೀನೇ ಹಾಕ್ಕೋ, ಎಡಕ್ಕೆ. ಬಾಟಲಿಯನ್ನ ಅಂಗೈಯಲ್ಲಿ ಬೆಚ್ಚಗೆ ಮಾಡಿ, ಚೆನ್ನಾಗಿ ಕುಲುಕು. ಬಲಮಗ್ಗುಲಾಗಿ ಮಲಗಿ, ಡಾಕ್ಟರು ಬರೆದ ನಾಲ್ಕೇ ಹನಿ. ಬಾಟಲಿ ತುದಿ ಕಿವಿಗೆ ತಾಗಬಾರದು. ಐದು ನಿಮಿಷ ಏಳಬೇಡ. ನೋವು ಹೋಯ್ತು ಅಂತ ನಡುವೆ ನಿಲ್ಲಿಸಬೇಡ, ಏಳು ದಿನ ಹಾಕಲೇಬೇಕು. ಬಲಗಿವಿ ಉರಿದರೆ ಡಾಕ್ಟರಿಗೆ ಫೋನ್ ಮಾಡು, ನನಗಲ್ಲ.

ಸಂಜೆ ನಾನೇ ಹಾಕ್ತೀನಿ. ಎಡಗಡೆ ಕೂದಲಿಗೆ ಕೆಂಪು ಕ್ಲಿಪ್ಪು ಸಿಕ್ಕಿಸಿಕೊಂಡಿರು. ಮತ್ತೆ ತಪ್ಪಿದರೆ ನನ್ನ ಕಿವಿ ಹಿಂಡು. ಯಾವ ಕಡೆಯದಾದರೂ ಸರಿ.