ತಾಮ್ರದ ಹಂಡೆಯ ನೀರು

೧೪ ಮೇ ೨೦೨೨, ಶನಿವಾರ. ಹುಣಸಗಿ.

ಗಾಜಿನ ತೊಟ್ಟಿಯಲ್ಲಿ ಸಾಕಿದ ಜೀವಂತ ಹವಳಗಳು ಇಂದು ಅರಳಿದವು. ಸೋಮವಾರದಿಂದ ಮುಷ್ಟಿಯಂತೆ ಮುದುಡಿದ್ದವು. ನಾಲ್ಕು ವರ್ಷದಿಂದ ಪಡಸಾಲೆಯ ಆ ಗಾಜಿನ ತೊಟ್ಟಿಗೆ ವಾರಕ್ಕೊಮ್ಮೆ ಉಪ್ಪುನೀರು ಬದಲಿಸುವವಳು ನಾನೊಬ್ಬಳೇ. ಆದರೂ ಬೈದದ್ದು ಸೊಸೆ ಗೊಲ್ಲಾಳಮ್ಮನನ್ನು. ನೆಲ ಒರೆಸಿದ ಫಿನಾಯಿಲ್ ಕೈಯನ್ನು ತೊಟ್ಟಿಯಲ್ಲಿ ಅದ್ದಿದ್ದೀ ಎಂದೆ.

ಬುಧವಾರ ಹೈದರಾಬಾದಿನ ಮೀನಂಗಡಿಯವನಿಗೆ ಫೋನ್ ಮಾಡಿದೆ. ಮೊದಲು ಉಪ್ಪಿನ ಅಳತೆ ಕೇಳಿದ; ಅದು ಸರಿಯಾಗಿಯೇ ಇತ್ತು.

"ಅಮ್ಮಾ, ನೀರು ಯಾದ್ರಾಗ ತುಂಬಿ ಇಟ್ಟಿದ್ರಿ?"

"ತಾಮ್ರದ ಹಂಡೇದಾಗ. ಹುಣಸಿಹಣ್ಣು ಹಚ್ಚಿ ಫಳಫಳ ತಿಕ್ಕೇನಿ."

"ಅಯ್ಯ! ನಿಮಗದು ಅಮೃತ, ಹವಳಕ್ಕ ವಿಷರಿ."

ಸೋಮವಾರ ನೀರು ಬದಲಿಸುವ ಹೊತ್ತಿಗೆ ಕಾಲುವೆ ಬಂದ್ ಆಗಿ ನಲ್ಲಿ ನಿಂತಿತ್ತು. ಪ್ಲಾಸ್ಟಿಕ್ ಡ್ರಮ್ಮಿನಲ್ಲೆಲ್ಲ ಕುಡಿಯುವ ನೀರು. ಶುದ್ಧ ನೀರಿಗೆ ಶುದ್ಧ ಪಾತ್ರೆ ಎಂದು ತವರಿನ ಹಂಡೆ ಇಳಿಸಿದ್ದೆ. ಫೋನ್ ಮಾಡಿದ ಬುಧವಾರದಿಂದ ಮೂರು ದಿನ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಉಪ್ಪು ಕರಗಿಸಿ, ದಿನಕ್ಕೆ ಕಾಲು ಭಾಗದಷ್ಟೇ ನೀರು ಬದಲಿಸಿದೆ. ಒಮ್ಮೆಲೇ ಬದಲಿಸಿದರೆ ಉಳಿದ ಜೀವವೂ ಹೋಗುತ್ತದೆ ಎಂದು ಅಂಗಡಿಯವ ಹೇಳಿದ್ದ.

ಇಂದು ಮಧ್ಯಾಹ್ನ ಗೊಲ್ಲಾಳಮ್ಮ ಕೂಗಿದಳು. "ಅತ್ತಿ, ಲಗೂನ ಬರ್ರಿ! ಹೂ ಬಿಟ್ಟಾವ. ನಾ ಮುಟ್ಟಿಲ್ರಿ ಮತ್ತ, ದೂರದಿಂದ ನೋಡೇನಿ." ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು.

ಹಸಿರು ಎಳೆಗಳು ನೀರಿನಲ್ಲಿ ತೂಗುತ್ತಿದ್ದವು. ತಪ್ಪು ನನ್ನದು ಎನ್ನಲು ನಾಲಿಗೆ ಏಳಲಿಲ್ಲ. "ಬರೋ ಸೋಮವಾರ ನೀರು ನೀನ ಬದಲಿಸು" ಎಂದೆ.

"ಹಂಡೇದಾಗಿಂದೇನ್ರಿ?"

ಫೋನಿನ ಮಾತೆಲ್ಲ ಕೇಳಿದ್ದಾಳೆ. ಬುಧವಾರದಿಂದ ಎಲ್ಲ ಗೊತ್ತಿದ್ದೂ ನನ್ನ ತಪ್ಪನ್ನು ಎತ್ತಿ ಆಡಿಲ್ಲ. ನಗು ಬಂತು, ಸೆರಗು ಅಡ್ಡ ಹಿಡಿದೆ. ನಾಳೆ ಆ ಹಂಡೆಯನ್ನು ಅಟ್ಟಕ್ಕೆ ಏರಿಸಿ, ಅವಳಿಗೆ ಉಪ್ಪಿನ ಅಳತೆ ಕಲಿಸುತ್ತೇನೆ.