ಉಗುರುಸುತ್ತು ಯಾರದು?

೩-೬-೮೬, ಹಿಂದೂಪುರ
ಇವತ್ತೂ ಮಗ್ಗದ ನೂಲನ್ನು ಗಂಜಿಯಲ್ಲಿ ಅದ್ದುವ ಕೆಲಸ. ಬಲಗೈಯ ಮೂರು ಬೆರಳಿಗೆ ಉಗುರುಸುತ್ತು, ನಾಲ್ಕು ತಿಂಗಳಾಯಿತು. ನಿಂಬೆಹಣ್ಣು ಸಿಕ್ಕಿಸಿದ್ದಾಯಿತು, ಅರಿಶಿನ ಕಟ್ಟಿದ್ದಾಯಿತು. ತಮ್ಮನ ಮದುವೆಯಾಗಿಯೂ ನಾಲ್ಕೇ ತಿಂಗಳು... ಅವನ ಹೆಂಡತಿ ಬನಶಂಕರಿ, ಕಲ್ಯಾಣದುರ್ಗದವಳು. ಈ ಸೆಕೆಯಲ್ಲೂ ಮೊಣಕೈ ಮುಚ್ಚುವ ಬ್ಲೌಸ್. ಏನೋ ಇದೆ.

೫-೬
ನೋಡಿಬಿಟ್ಟೆ. ಬಟ್ಟೆ ಒಗೆಯುವಾಗ ತೋಳು ಸರಿದಿತ್ತು. ಮೊಣಕೈಯಲ್ಲಿ ಕೆಂಪು ಮಚ್ಚೆ, ಮೇಲೆ ಬಿಳಿ ಹೊಟ್ಟು. ಏನಿದು ಅಂದೆ.
"ಚಿಕ್ಕೋಳಿದ್ದಾಗ್ಲಿಂದ ಐತೆ ಅಕ್ಕ. ಅಂಟಲ್ಲ."
ಅಂಟುತ್ತದೋ ಅಂತ ನಾನು ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು. ಕುಷ್ಠವೇ. ರಾತ್ರಿ ಊಟಕ್ಕೆ ಬೇರೆ ತಟ್ಟೆ ಕೊಟ್ಟೆ. "ಅಂಟ್ಕೊಂಡೀತು" ಅಂತ ಮುಖಕ್ಕೇ ಹೇಳಿದೆ.

೧೨-೬
ಅವಳ ಅಪ್ಪ ಮುತ್ಯಾಲಪ್ಪನನ್ನು ಕರೆಸಿದೆ. ಕುಷ್ಠ ಅಂದೆ. ಆಗಲೇ ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದ.
"ಡಾಕ್ಟ್ರು ಯೇಳಿದ್ರಾ ರಾಮಕ್ಕಾ?" ಅಂತ ತಮ್ಮ. ನನಗೆ ಕಣ್ಣಿಲ್ಲವಾ?

೯-೭
ಅವಳು ಹೋಗಿ ತಿಂಗಳಾಗುತ್ತಾ ಬಂತು. ಮೂರು ಬೆರಳು ಐದಾಯಿತು! ಜೊತೆಗೆ ಸಂಸಾರ ಮಾಡಿದ ತಮ್ಮನಿಗೆ ಏನೂ ಇಲ್ಲ. ಇದ್ದಾಗ ಅರ್ಧ ಗಂಜಿ ಕೆಲಸ ಅವಳದು, ಈಗ ಪೂರ್ತಿ ನನ್ನದು...

೧೧-೭
ಚರ್ಮದ ಡಾಕ್ಟರ ಹತ್ತಿರ ಹೋದೆ. "ಚೇತುಲು ಎಪ್ಪುಡೂ ತಡೇನಾ?"—ಸದಾ ಒದ್ದೆ ಕೈಯೇ ಅಂತ. ಒದ್ದೆಗೆ ಉಗುರಿನ ಬುಡ ಬಿಟ್ಟುಕೊಂಡು ಈಸ್ಟ್ ಸೇರುತ್ತದಂತೆ, ಹಿಟ್ಟು ಹುಳಿ ಬರಿಸುವಂಥದ್ದು. ಉಗುರಿನ ಮೇಲೆ ಸೂಜಿ ಚುಚ್ಚಿದ ಹಾಗೆ ಗುಳಿ ತೋರಿಸಿದರು. ಕಿವಿಯ ಹಿಂದೆ ಕೂದಲು ಸರಿಸಿದರು. ಸೋರಿಯಾಸಿಸ್—ನನಗೆ! ಅದಿದ್ದವರ ಉಗುರು ಬೇಗ ಕೆಡುತ್ತದಂತೆ. ಕುಷ್ಠವಲ್ಲ, ಅಂಟಲ್ಲ.
ಬನಶಂಕರಿಯ ಮೊಣಕೈ ವಿಷಯ ಹೇಳಿದೆ. ಅದೂ ಇದೇ ಇರಬಹುದು, ಕರೆತನ್ನಿ ಅಂದರು.
ಡಾಕ್ಟರ ಮೇಲೂ ಅನುಮಾನ. ಮನೆಗೆ ಬಂದು ಎರಡು ಕನ್ನಡಿ ಹಿಡಿದು ನೋಡಿಕೊಂಡೆ. ಅದೇ ಕೆಂಪು, ಅದೇ ಹೊಟ್ಟು. ನಾಚಿಕೆಯಾಯಿತು.

೧೩-೭, ಕಲ್ಯಾಣದುರ್ಗ
ಕರೆದೊಯ್ಯಲು ಬಂದೆ. ರಾತ್ರಿ ಎಲ್ಲರ ಊಟ ಒಳಗೆ. ಬನಶಂಕರಿ ಹೊರಗೆ ಜಗಲಿಯ ಮೇಲೆ, ಹೆತ್ತವರೇ ಕೊಟ್ಟ ಬೇರೆ ತಟ್ಟೆ ಇಟ್ಟುಕೊಂಡು. ನಾನು ಹಚ್ಚಿದ ಬೆಂಕಿ. ಪಕ್ಕದಲ್ಲಿ ಕೂತು ಅವಳ ತಟ್ಟೆಗೆ ಕೈ ಹಾಕಿದೆ. ಸರಕ್ಕನೆ ಎಳೆದುಕೊಂಡಳು.
"ಬ್ಯಾಡಕ್ಕ. ಅಂಟ್ಕೊಂಡೀತು."
ನನ್ನದೇ ಮಾತು. ಬೆಳಗ್ಗೆ ಮುತ್ಯಾಲಪ್ಪನ ಎದುರಿಗೇ ಕಿವಿ ಹಿಂದೆ ತೋರಿಸಿ ಹೇಳಬೇಕು—ನಿನ್ನ ಮಗಳಿಗೆ ಕುಷ್ಠ ಇಲ್ಲ, ಇದೇ ನನಗೂ ಇದೆ, ತಪ್ಪು ಹೇಳಿದವಳು ನಾನೇ.