ಚಪ್ಪಲಿಗೆ ಒಪ್ಪಿದ ಪೆಡಲು

೩ ಜೂನ್ ೧೯೪೩, ಸಂಜೆ

ಇವತ್ತೂ ಇದ್ದಿಲು ಬಸ್ಸು ಅರ್ಧ ದಾರಿಯಲ್ಲಿ ನಿಂತಿತು. ಯುದ್ಧ ಬಂದಾಗಿನಿಂದ ಪೆಟ್ರೋಲಿಲ್ಲ. ಬಸ್ಸಿನ ಬೆನ್ನಿಗೆ ಒಲೆ ಕಟ್ಟಿದ್ದಾರೆ. ಕಂಡಕ್ಟರು ಇಳಿದು ಒಲೆಗೆ ಗಾಳಿ ಹಾಕಿದ, ಹಾಕಿದ, ಹಾಕುತ್ತಲೇ ಇದ್ದ... ಕೊತ್ತತ್ತಿ ಮುಟ್ಟುವಾಗ ಹೊತ್ತು ಮೀರಿತ್ತು. ಹೆಣ್ಣುಮಕ್ಕಳ ಸ್ಕೂಲಿಗೆ ನಾನೊಬ್ಬಳೇ ಟೀಚರು. ಬೀಗದ ಕೈ ನನ್ನ ಸೆರಗಿನಲ್ಲಿ. ಅರ್ಧ ಮಕ್ಕಳು ಆಗಲೇ ಮನೆಗೆ ಹೋಗಿದ್ದವು. ಜಗಲಿ ಮೇಲೆ ಸ್ಕೂಲ್ ಇನ್‌ಸ್ಪೆಕ್ಟರು ಕೂತಿದ್ದರು.

"ಮೀನಾಕ್ಷಮ್ಮನವರೇ, ಮಂಡ್ಯದಿಂದ ಓಡಾಡಿ ಪಾಠ ಮಾಡೋದು ಆಗದ ಮಾತು. ಹದಿನಾಲ್ಕನೇ ತಾರೀಖು ಮತ್ತೆ ಬರ್ತೀನಿ. ಅವತ್ತೂ ಬಾಗಿಲು ಹಾಕಿದ್ದರೆ ಈ ಸ್ಕೂಲು ಮುಚ್ಚಿಸಿ ನಿಮ್ಮನ್ನ ಮಳವಳ್ಳಿಗೆ ಹಾಕಿಸ್ತೀನಿ."

ಗದರಲಿಲ್ಲ. ಮೆತ್ತಗೆ ಹೇಳಿದರು. ಅದಕ್ಕೇ ಭಯವಾಯಿತು. ಇವರ ಕೆಲಸ, ಅತ್ತೆ ಎಲ್ಲ ಇಲ್ಲೇ ಮಂಡ್ಯದಲ್ಲಿ. ನಾನೊಬ್ಬಳೇ ಮಳವಳ್ಳಿಯಲ್ಲಿ ಏನು ಮಾಡಲಿ? ಆ ಮಕ್ಕಳೋ — ಈಗಷ್ಟೇ ಒತ್ತಕ್ಷರಕ್ಕೆ ಬಂದಿವೆ.

೫ ಜೂನ್

ಇವರು ಯಾರಿಗೂ ಹೇಳದೆ ಮದ್ದೂರಿಗೆ ಹೋಗಿ ಒಂದು ಲೇಡೀಸ್ ಸೈಕಲ್ ತಂದಿದ್ದಾರೆ! ಅಲ್ಲಿದ್ದ ಮಿಷನ್ ಡಾಕ್ಟ್ರಮ್ಮ ಊರು ಬಿಡುವಾಗ ಮಾರಿದ್ದಂತೆ. ಹಳೆಯದು. ಮಧ್ಯದ ಕಂಬಿ ಇಲ್ಲ, ಸೀರೆಗೆ ತೊಂದರೆಯಿಲ್ಲ. ಬಾಗಿಲಲ್ಲಿ ನಿಲ್ಲಿಸಿಕೊಂಡು ಕಳ್ಳನ ಹಾಗೆ ನಗುತ್ತಿದ್ದರು.

ಅತ್ತೆ ಹೊರಗೆ ಬಂದರು. "ಏನ್ಲಾ ರಾಮ್ಲಿಂಗ, ಸೊಸೆನ ಸರ್ಕಸ್ಗೆ ಸೇರಿಸ್ತೀಯೇನ್ಲಾ?"

ತವರು ಚಿಕ್ಕರಸಿನಕೆರೆಯಲ್ಲಿ ಅಣ್ಣನ ಸೈಕಲ್ಲನ್ನು ಕದ್ದು ಹತ್ತುತ್ತಿದ್ದೆ ಅಂತ ಮದುವೆಯಾದ ಹೊಸತರಲ್ಲಿ ಒಮ್ಮೆ ಹೇಳಿದ್ದೆ. ಇವರು ಮರೆತಿಲ್ಲ, ಪುಣ್ಯಾತ್ಮ.

೬ ಜೂನ್, ಮಧ್ಯಾಹ್ನ

ಬಿದ್ದೆ. ಎರಡು ಸಲ. ಸೈಕಲ್ ತುಳಿಯುವುದು ಮರೆತಿಲ್ಲ — ತಪ್ಪೆಲ್ಲ ಪೆಡಲಿನದು. ರಬ್ಬರು ಸವೆದು ಬರೀ ಎರಡು ಕಂಬಿ ಉಳಿದಿವೆ. ಚಪ್ಪಲಿ ಅದರ ಮೇಲೆ ನಿಲ್ಲುವುದೇ ಇಲ್ಲ, ಸೋಪಿನ ಮೇಲಿಟ್ಟ ಹಾಗೆ ಜಾರುತ್ತದೆ. ಜಾರದಿದ್ದರೆ ಕಂಬಿ ಅಂಗಾಲಿಗೆ ಒತ್ತುತ್ತದೆ. ನಾಲೆಯ ತನಕ ಹೋಗಿ ಬರುವಷ್ಟರಲ್ಲಿ ಅಂಗಾಲು ಉರಿ ಉರಿ.

ಸೈಕಲ್ ಶಾಪಿನ ಕರಿಯಪ್ಪನನ್ನು ಕೇಳಿದೆ. "ರಬ್ಬರ್ ಪೆಡ್ಲು ಎಲ್ಲವ್ವ ಸಿಕ್ಕದು? ರಬ್ಬರೆಲ್ಲ ಮಿಲ್ಟ್ರಿಗೆ ಓಯ್ತದೆ. ಅಲ್ಲಿನ ಪೆಡ್ಲು ಅದೆ, ಆಕ್ಕೊಡ್ಲಾ?"

ಹಾಕಿಸಿಕೊಂಡೆ. ಹಲ್ಲಿನ ಪೆಡಲು ಅಂದರೆ ಸುತ್ತ ಗರಗಸದ ಹಾಗೆ ಕಬ್ಬಿಣದ ಹಲ್ಲು. ನೋಡಿದರೇ ಕಚ್ಚುವ ಹಾಗಿದೆ.

೮ ಜೂನ್

ಕಚ್ಚಿಯೇ ಬಿಟ್ಟಿತು. ಹಲ್ಲು ಚಪ್ಪಲಿಗೆ ಹೊಕ್ಕು ಹಿಡಿಯಿತು — ಜಾರಲಿಲ್ಲ, ನಿಜ. ಆದರೆ ಸೇತುವೆ ಹತ್ತಿರ ಎಮ್ಮೆ ಅಡ್ಡ ಬಂತು. ಕಾಲು ಕೆಳಗಿಡಲು ಹೋದರೆ ಚಪ್ಪಲಿ ಬಿಡಲೊಲ್ಲದು. ಎಮ್ಮೆಯ ಮುಂದೆಯೇ ಸಾಷ್ಟಾಂಗ. ಮೊಣಕಾಲು ತರಚಿತು. ಎಮ್ಮೆ ನನ್ನ ಮೂಸಿ ನೋಡಿ ಹೋಯಿತು.

"ಬೂಟ್ಸ್ ಆಕ್ಕಬುಡಿ ಅಮ್ಮಾವ್ರೆ, ಎಲ್ಲ ಸರಿ ಓಯ್ತದೆ," ಅಂದ ಕರಿಯಪ್ಪ. ಇವರ ಬೂಟು ಹಾಕಿಕೊಂಡು ನೋಡಿದೆ. ಕೊಡದೊಳಗೆ ಸೌಟು ಅಲ್ಲಾಡಿದ ಹಾಗೆ ಕಾಲು ಅಲ್ಲಾಡಿತು. ಇವರು ನಗು ತಡೆಯಲು ಗೋಡೆ ಕಡೆ ತಿರುಗಿಕೊಂಡರು.

ಅಲ್ಲ, ನಾನೇಕೆ ಬೂಟು ಹಾಕಬೇಕು? ಬದುವಿನ ಮೇಲೆ ನಡೆಯುವುದು ಈ ಚಪ್ಪಲಿಯಲ್ಲೇ. ಮಕ್ಕಳ ಮನೆ ಬಾಗಿಲಲ್ಲಿ ಕಳಚಿ ಒಳಗೆ ಹೋಗುವುದು ಇದನ್ನೇ. ಸೈಕಲ್ಲೇ ನನ್ನ ಚಪ್ಪಲಿಗೆ ಒಗ್ಗಿಕೊಳ್ಳಲಿ.

೧೦ ಜೂನ್, ಬೆಳಿಗ್ಗೆ

ಅಟ್ಟದ ಮೇಲಿನ ಡಬ್ಬ ತೆಗೆಯಲು ಅಡುಗೆಮನೆಯ ಮಣೆ ಮೇಲೆ ನಿಂತಿದ್ದೆ. ಚಪ್ಪಟೆ, ಅಗಲ. ಅಂಗಾಲು ಪೂರ್ತಿ ಊರಿ ಹಾಯಾಗಿ ನಿಂತಿತ್ತು. ಡಬ್ಬ ಅಲ್ಲೇ ಬಿಟ್ಟು ಕೂಗಿದೆ — "ಅತ್ತೆ, ಪೆಡಲು ಹಿಂಗಿರಬೇಕು!"

ಅತ್ತೆ ಒಲೆ ಮುಂದಿನಿಂದ ತಿರುಗಿ ನೋಡಿದರು. ಮರದ ಪೆಡಲು ಮಾಡಿಸುತ್ತೇನೆ, ಅಂಗೈ ಅಗಲದ್ದು, ಎಂದು ವಿವರಿಸಿದೆ. ಹಳೆಯ ಹಲಸಿನ ಮರವಾದರೆ ಸೀಳುವುದಿಲ್ಲ, ಎಲ್ಲಿ ಸಿಗುತ್ತದೋ ಅಂದೆ.

ಅತ್ತೆ ಎದ್ದು, ತಾವು ಕೂತಿದ್ದ ಮಣೆಯನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. "ತಕ್ಕೋ. ಅಲಸಿಂದೇಯ."

"ಅಯ್ಯೋ ಅತ್ತೆ, ಇದು ನಿಮ್ಮ ಮದುವೆ ಹಸೆಮಣೆ!"

"ಊಂ ಕಣವ್ವ. ಇದ್ರ ಮ್ಯಾಲೆ ಕೂತು ಈ ಮನೆಗ್ ಬಂದೆ. ಬಂದೋಳು ಎಲ್ಗೂ ಓಗ್ನಿಲ್ಲ. ನೀನಾರಾ ಇದ್ರ ಮ್ಯಾಲೆ ಓಗ್ ಬಾ. ಮಳವಳ್ಳಿಗ್ ಮಾತ್ರ ಓಗ್ಬ್ಯಾಡ."

ಇಬ್ಬರಿಗೂ ಕಣ್ಣಲ್ಲಿ ನೀರು. ಅತ್ತೆ ಹೊಗೆ ಅಂದರು. ನಾನೂ ಹೊಗೆ ಅಂದೆ.

೧೨ ಜೂನ್

ಪಕ್ಕದ ಬೀದಿಯ ಬಡಗಿ ಕೆಂಪಸಿದ್ದಯ್ಯ ಮೊದಲು ಮಣೆ ಕುಯ್ಯಲು ಒಪ್ಪಲಿಲ್ಲ. "ಅಸೆಮಣೆ ಕುಯ್ಯಾದಾ? ನನ್ ಕೈಲಾಗಕಿಲ್ಲ ಕಣಮ್ಮ." ಅತ್ತೆಯೇ ಬಂದು ಎದುರು ನಿಂತರು. "ನಂದು ಕಣ್ಲಾ. ಕುಯ್ಯಿ." ಕುಯ್ದ.

ಹಲ್ಲಿನ ಪೆಡಲು ತೆಗೆಸಿ ಹಳೆಯದನ್ನೇ ಮತ್ತೆ ಹಾಕಿಸಿದ್ದೆ. ನಾಲ್ಕು ತುಂಡು — ಕಾಲಿಗೆ ಎರಡೆರಡು, ಹಳೆಯ ಕಂಬಿಗಳ ಮೇಲೊಂದು, ಕೆಳಗೊಂದು. ಪೆಡಲು ಹೇಗೆ ತಿರುಗಿದರೂ ಕಾಲಿಗೆ ಮರವೇ ಸಿಗಬೇಕು. ಉಜ್ಜಿ ಉಜ್ಜಿ ಕನ್ನಡಿ ಮಾಡಿ ಕೊಟ್ಟ. ಚೆಂದವೇನೋ ಚೆಂದ, ತುಂತುರು ಬಿದ್ದ ಕೂಡಲೇ ಜಾರಿತು. ಹಿಂದಕ್ಕೆ ಕೊಟ್ಟು ಗರಗಸದಲ್ಲಿ ಅಡ್ಡಡ್ಡ ಗೀರು ಹಾಕಿಸಿದೆ. ಚೆಂದ ಕೆಡುತ್ತದೆ ಅಂತ ಅವನಿಗೆ ಬೇಸರ. ಈಗ ಚಪ್ಪಲಿ ಕೂರುತ್ತದೆ, ಕೇಳಿದಾಗ ಏಳುತ್ತದೆ. ಇನ್ನೇನು ಬೇಕು.

೧೪ ಜೂನ್, ಸಂಜೆ

ಬೆಳಿಗ್ಗೆಯೇ ಹೊರಟೆ. ಸೋನೆ ಮಳೆ. ಸೆರಗು ಬಿಗಿದು ಸಿಕ್ಕಿಸಿದ್ದೆ. ರಸ್ತೆ ಕೆಸರು, ಚಪ್ಪಲಿ ಒದ್ದೆ, ಪೆಡಲು ಒದ್ದೆ — ಕಾಲು ಮಾತ್ರ ಅಲುಗಲಿಲ್ಲ! ಅಂಗಾಲು ಪೂರ್ತಿ ಊರಿ ಹಾಯಾಗಿತ್ತು. ಗದ್ದೆಯಲ್ಲಿದ್ದವರು ಸೊಂಟ ನೆಟ್ಟಗೆ ಮಾಡಿ ನೋಡಿದರು. ಒಬ್ಬ ಅಜ್ಜಿ "ಲೇ, ಮೇಡಮ್ನೋರು ಆರ್ಕೊಂಡ್ ಓಯ್ತಾವ್ರೆ!" ಅಂತ ಕೂಗಿತು.

ತಿರುವಿನಲ್ಲಿ ನಮ್ಮ ಇದ್ದಿಲು ಬಸ್ಸು ನಿಂತಿತ್ತು. ಕಂಡಕ್ಟರು ಅದೇ ಒಲೆ ಮುಂದೆ, ಅದೇ ಗಾಳಿ. ಮರದ ಕೆಳಗೆ ಕೊಡೆ ಹಿಡಿದು ನಿಂತವರು — ಇನ್‌ಸ್ಪೆಕ್ಟರು! ಇಳಿಯಬೇಕೋ ಬೇಡವೋ... ಇಳಿಯಲಿಲ್ಲ. ಬೆಲ್ ಹೊಡೆದು, "ನಮಸ್ಕಾರ ಸಾರ್, ಸ್ಕೂಲಿಗೆ ಹೊತ್ತಾಯ್ತು!" ಅಂದು ಮುಂದೆ ಹೋದೆ.

ಅವರು ನಡೆದು ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದು, ಹಾಜರಿ ಮುಗಿದು, ಮಗ್ಗಿ ನಡೆಯುತ್ತಿತ್ತು. ಬಾಗಿಲಲ್ಲಿ ಕೆಸರು ಕಾಲಿನಲ್ಲಿ ನಿಂತರು. ಮಕ್ಕಳೆಲ್ಲ ಎದ್ದು ನಿಂತವು.

ಅವರು ಕೊಡೆ ಮಡಿಸಿದರು. "ನಾನೇ ಲೇಟಾಗಿಬಿಟ್ಟೆನಲ್ಲ, ಮೀನಾಕ್ಷಮ್ಮನವರೇ," ಅಂದರು. ಜೋರಾಗಿ ನಕ್ಕರು. ಮಕ್ಕಳೂ ನಕ್ಕವು, ಯಾಕೆಂದು ತಿಳಿಯದೆ. ಹೊರಡುವಾಗ ಸೈಕಲ್ ಹತ್ತಿರ ಬಗ್ಗಿ, ಬೆರಳಲ್ಲಿ ಪೆಡಲು ತಿರುಗಿಸಿ ನೋಡಿದರು. "ಮಳವಳ್ಳಿ ಮಾತು ಬಿಡಿ. ಇಲ್ಲೇ ಇರಿ."

ಮನೆಗೆ ಬಂದು ಹೇಳಿದೆ. ಇವರು ಒಳಗೆ ಹೋಗಿ ಬಾಗಿಲ ಹಿಂದೆ ನಿಂತು ಕುಣಿದರು. ನಾನು ನೋಡಲಿಲ್ಲವೆಂದುಕೊಂಡಿದ್ದಾರೆ.

೫ ಡಿಸೆಂಬರ್, ಭಾನುವಾರ

ಬಹಳ ದಿನ ಬರೆದಿಲ್ಲ. ಪುರುಸೊತ್ತೆಲ್ಲಿ? ಸ್ಕೂಲಲ್ಲಿ ಜಾಗ ಸಾಲದು, ಜಗಲಿಗೂ ಚಾಪೆ ಹಾಸಿದ್ದೇನೆ. ಸಂಜೆ ದೊಡ್ಡ ಹುಡುಗಿಯರಿಗೆ ಸೈಕಲ್ ಕಲಿಸುತ್ತಿದ್ದೇನೆ. ಮೊನ್ನೆ ಚಿಕ್ಕಬೋರಮ್ಮ, ನಮ್ಮ ಮೂರನೇ ಕ್ಲಾಸಿನ ಹುಡುಗಿಯ ತಾಯಿ, ಬರಿಗಾಲಲ್ಲಿ ಪೆಡಲು ತುಳಿದು ನೋಡಿ, "ಮೆತ್ಗದೆ ಕಣವ್ವ, ರೊಟ್ಟಿ ಮ್ಯಾಲೆ ಕಾಲಿಟ್ಟಂಗೆ" ಅಂದಳು.

ಇವತ್ತು ಹೊಸ ಸಂಗತಿ. ಅತ್ತೆ ಹೊಳಲಿನಲ್ಲಿರುವ ತಂಗಿಯನ್ನು ನೋಡಬೇಕಂತೆ. ಗಾಡಿ ತರಿಸುತ್ತೇನೆ ಅಂದರು ಇವರು. "ಗಾಡಿ ಯಾಕ್ಲಾ? ನನ್ ಸೊಸೆ ಇಲ್ವಾ," ಅಂದರು ಅತ್ತೆ. ಕ್ಯಾರಿಯರಿಗೆ ಕಂಬಳಿ ಮಡಿಸಿ ಕಟ್ಟಿದ್ದಾಗಿದೆ. ಬೀದಿಯವರೆಲ್ಲ ಬಾಗಿಲಲ್ಲಿ. ಸ್ಟ್ಯಾಂಡ್ ಹಾಕಿದ ಸೈಕಲ್ ಮೇಲೆ ಅತ್ತೆ ಆಗಲೇ ಹತ್ತಿ ಕೂತು ಬೆಲ್ ಹೊಡಿ ಅಂತ ಇವರಿಗೆ ಅಪ್ಪಣೆ ಕೊಡುತ್ತಿದ್ದಾರೆ, ಇವರು ಹೊಡೆಯುತ್ತಿದ್ದಾರೆ, ನಾನಿನ್ನೂ ಜಡೆ ಕೂಡ ಹಾಕಿಕೊಂಡಿಲ್ಲ. ಕೂಗುತ್ತಿದ್ದಾರೆ, ಬಂದೆ —